ವಾಸಿ, ಗುಣ, ಚೇತರಿಕೆ

ರಾಜಾಜಿನಗರದ ಒಳರಸ್ತೆಯೊಂದರಲ್ಲಿ, ಮನೆಗಳ ಸಾಲಿನ ನಡುವೆ ಮತ್ತೊಂದು ಮನೆಯಂತೆಯೇ ತೋರುವ ಮಾನಸಿಕ ಚಿಕಿತ್ಸಾಲಯದ ಬಾಗಿಲಲ್ಲಿ, ಸಂಜೆಯ ಭೇಟಿಯ ಹೊತ್ತಿಗೆ ಊಟದ ಕ್ಯಾರಿಯರ್ ಹಿಡಿದು ಕಾದು ನಿಂತ ತಾಯಿತಂದೆಯರೂ ಒಡಹುಟ್ಟಿದವರೂ ಬಾಗಿಲು ತೆರೆದ ಸಿಸ್ಟರನ್ನು ಮೊದಲು ಕೇಳುವ ಮಾತು ಒಂದೇ: “ವಾಸಿಯಾಗತ್ತಾ, ಸಿಸ್ಟರ್?” ಅವರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: “ಈಗ ಪರವಾಗಿಲ್ಲಮ್ಮ, ರಾತ್ರಿ ನಿದ್ದೆ ಬರ್ತಿದೆ, ಊಟ ಮಾಡ್ತಿದಾರೆ.” ಪ್ರಶ್ನೆಯಲ್ಲಿ ಕಪಟವಿಲ್ಲ, ಉತ್ತರದಲ್ಲಿ ಅಸತ್ಯವಿಲ್ಲ, ಆದರೂ ತಾಯಿ ಕೇಳಿದುದು ಮಗನ ಮುಂದಿನ ಮೂವತ್ತು ವರ್ಷಗಳನ್ನು ಕುರಿತು, ಸಿಸ್ಟರ್ ಹೇಳಿದುದು ಕಳೆದ ರಾತ್ರಿಯನ್ನು ಕುರಿತು. ಈ ಎರಡರ ನಡುವಣ ಅಂತರವನ್ನು ಆಸ್ಪತ್ರೆಯ ಒಳಗೆ ದುಡಿಯತಕ್ಕವರು ಹೇಗೆ ಅರಿತಿದ್ದಾರೆಂಬುದು ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿರುವ ವಿಷಯ.

ವ್ಯಾಧಿ ಕಳೆಯುವುದನ್ನು ಹೇಳಲು ನಮ್ಮ ಭಾಷೆಯಲ್ಲಿ ಹಲವು ಮಾತುಗಳುಂಟು; ಅವುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರೆ ಪ್ರತಿಯೊಂದರ ತೂಕವೂ ಬೇರೆ. ‘ವಾಸಿ’ ತಾರತಮ್ಯದ ಮಾತು: ಅದಕ್ಕಿಂತ ಇದು ವಾಸಿ, ಆ ಊರಿಗಿಂತ ಈ ಊರು ವಾಸಿ ಎನ್ನುವಂತೆಯೇ ನಿನ್ನೆಗಿಂತ ಇಂದು ಮೇಲೆಂಬಷ್ಟನ್ನು ಅದು ಹೇಳುತ್ತದೆ. ‘ಹುಷಾರು’ ಪಾರಸಿಯಿಂದ ಬಂದು ನಮ್ಮ ಮನೆಮಾತಾದುದು. ಎಚ್ಚರ ತಪ್ಪಿದವನು ಎಚ್ಚರಕ್ಕೆ ಮರಳಿದನೆಂಬುದು ಅದರ ಧ್ವನಿ. ‘ಗುಣ’ವೆಂಬ ಮಾತಿಗೆ ಮಾತ್ರ ಒಂದು ವಿಪತ್ತು ಅಂಟಿಕೊಂಡಿದೆ, ಆರೋಗ್ಯಕ್ಕೂ ಶೀಲಕ್ಕೂ ಅದೇ ಶಬ್ದವಾದುದರಿಂದ, ಕಾಲು ಮುರಿದವನಿಗೆ ಇನ್ನೂ ಗುಣವಾಗಿಲ್ಲವೆಂದರೆ ಯಾರೂ ಅವನ ನಡತೆಯನ್ನು ಶಂಕಿಸರು, ಮನಸ್ಸು ನೊಂದವಳನ್ನು ಕುರಿತು ಅದೇ ಮಾತನ್ನಾಡಿದರೆ ಕೇಳಿದವರ ಕಣ್ಣು ಅವಳ ಸ್ವಭಾವದ ಕಡೆಗೇ ತಿರುಗುತ್ತದೆ. ಉಳಿದುದು ‘ಚೇತರಿಕೆ’. ವೈದ್ಯನು ವಾಸಿಮಾಡಬಲ್ಲನು, ಗುಣಪಡಿಸಬಲ್ಲನು. ಆದರೆ ಚೇತರಿಸಿ‘ಕೊಳ್ಳ’ಬೇಕಾದವನು ರೋಗಿಯೇ. ಆ ‘ಕೊಳ್ಳು’ ಎಂಬ ಸಹಾಯಕ್ರಿಯೆಯಲ್ಲಿ ಕರ್ತೃತ್ವವು ಬಿಳಿಯ ಕೋಟಿನಿಂದ ಇಳಿದು ಹಾಸಿಗೆಯ ಮೇಲಿರುವವನ ಕೈಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಗ್ರಂಥಗಳೂ ಸಮ್ಮೇಳನಗಳೂ ಪ್ರತಿಪಾದಿಸುತ್ತಿರುವ ತತ್ತ್ವದ ಬೀಜವನ್ನು ನಮ್ಮ ವ್ಯಾಕರಣವು ತನ್ನೊಳಗೇ ಇರಿಸಿಕೊಂಡಿದೆಯೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆ ತತ್ತ್ವವನ್ನು ಮೊದಲು ಗಟ್ಟಿಯಾಗಿ ನುಡಿದವರು ಚಿಕಿತ್ಸೆ ಪಡೆದವರೇ. ಅಮೆರಿಕದ ಪೆಟ್ರೀಷಿಯಾ ಡೀಗನ್ ಎಂಬಾಕೆಗೆ ಹದಿಹರೆಯದಲ್ಲಿಯೇ ಸ್ಕಿಜೋಫ್ರೇನಿಯಾ ಎಂಬ ನಿದಾನವಾಯಿತು. ಮುಂದೆ ಆಕೆ ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1988ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಹೊರಗಿನವರು ನಡೆಸುವ ಪುನರ್ವಸತಿಯ ಕಾರ್ಯಕ್ಕೂ ಒಳಗಿನವನು ತಾನೇ ಅನುಭವಿಸಿ ಸಾಧಿಸುವ ಚೇತರಿಕೆಗೂ ಇರುವ ಭೇದವನ್ನು ವಿವರಿಸಿದರು. 1993ರಲ್ಲಿ ಬಾಸ್ಟನ್ನಿನ ವಿಲಿಯಂ ಆಂಥನಿಯವರು ಇದಕ್ಕೆ ಒಂದು ಲಕ್ಷಣವನ್ನು ಕೊಟ್ಟರು. ವ್ಯಾಧಿಯ ಮಿತಿಗಳು ಪೂರ್ತಿಯಾಗಿ ಹೋಗದಿದ್ದರೂ, ತನ್ನ ಧೋರಣೆ, ಧ್ಯೇಯ, ಪಾತ್ರಗಳನ್ನು ಪುನಾರಚಿಸಿಕೊಂಡು ತೃಪ್ತಿಯೂ ಭರವಸೆಯೂ ಪರೋಪಯೋಗವೂ ಉಳ್ಳ ಬಾಳನ್ನು ಬಾಳುವುದೇ ಚೇತರಿಕೆ ಎಂಬುದು ಅದರ ತಾತ್ಪರ್ಯ. ಹೀಗಾದರೆ ಕಿವಿಯಲ್ಲಿ ಆಗಾಗ ಧ್ವನಿ ಕೇಳಿಸುತ್ತಿದ್ದರೂ ಒಬ್ಬನು ಚೇತರಿಸಿಕೊಂಡವನಾಗಿರಬಹುದು. ಧ್ವನಿಗಳೆಲ್ಲ ಅಡಗಿ, ಮಾತ್ರೆಯ ಮಂಪರಿನಲ್ಲಿ ಕಿಟಕಿಯ ಮುಂದೆ ವರ್ಷಗಟ್ಟಲೆ ಕುಳಿತಿರುವ ಇನ್ನೊಬ್ಬನು ಚೇತರಿಸಿಕೊಳ್ಳದೆಯೇ ಇರಬಹುದು.

ಆಸ್ಪತ್ರೆಯ ಸಿಬ್ಬಂದಿ ಈ ಮಾತನ್ನು ಹೇಗೆ ಗ್ರಹಿಸುತ್ತಾರೆ? ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ, ಕ್ಲೇರ್ ಲೆ ಬೂಟಿಲ್ಯೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಮೂರು ಬಗೆಯ ಗ್ರಹಿಕೆಗಳನ್ನು ತೋರಿಸಿತು. ಲಕ್ಷಣಗಳ ಶಮನವೇ ಚೇತರಿಕೆಯೆಂಬುದು ಒಂದು. ವ್ಯಕ್ತಿಯು ತನ್ನ ಬಾಳನ್ನು ತಾನು ಮರಳಿ ಕಟ್ಟಿಕೊಳ್ಳುವುದೆಂಬುದು ಇನ್ನೊಂದು. ಮೂರನೆಯದು ವಿಚಾರಯೋಗ್ಯವಾದುದು: ಸಂಸ್ಥೆಯು ತನ್ನ ಅನುಕೂಲಕ್ಕೆ ತಕ್ಕಂತೆ ಅರ್ಥೈಸಿಕೊಂಡ ಚೇತರಿಕೆ. ಹಾಸಿಗೆ ತೆರವಾಗಬೇಕು, ಖರ್ಚು ತಗ್ಗಬೇಕು, ಇಷ್ಟು ದಿನದೊಳಗೆ ಡಿಸ್ಚಾರ್ಜ್ ಆಗಬೇಕು ಎಂಬ ಆಡಳಿತದ ಲೆಕ್ಕವೇ ಅಲ್ಲಿ ಚೇತರಿಕೆಯ ವೇಷವನ್ನು ಧರಿಸಿ ಬರುತ್ತದೆ. ನಮ್ಮಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಮುಖವೂ ಉಂಟು. ದಿನಕ್ಕಿಷ್ಟೆಂದು ಬಾಡಿಗೆ ಕೊಡುವ ಮನೆಯವರ ಕೈ ಬರಿದಾದ ದಿನವೇ ರೋಗಿಯು ‘ಸುಧಾರಿಸಿದ’ ದಿನವಾಗಿಬಿಡುವುದನ್ನು ನಾನು ಕಂಡಿದ್ದೇನೆ.

ಮೊದಲ ಗ್ರಹಿಕೆಯನ್ನು ಹಿಡಿದವರನ್ನು ಹಗುರವಾಗಿ ಕಾಣುವುದು ಅನ್ಯಾಯ. ರಾತ್ರಿಪಾಳಿಯಲ್ಲಿ ಒಂದು ವಾರ್ಡಿನ ಭಾರವನ್ನು ಹೊತ್ತ ಸಿಸ್ಟರ್, ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರು ಮಾತ್ರೆಯನ್ನು ನಾಲಗೆಯಡಿ ಬಚ್ಚಿಟ್ಟರು, ಯಾರು ಮೂರು ದಿನದಿಂದ ಸ್ನಾನ ಮಾಡಿಲ್ಲ, ಯಾರ ಮುಖದಲ್ಲಿ ಆತ್ಮಹತ್ಯೆಯ ಯೋಚನೆ ಸುಳಿಯುತ್ತಿದೆ, ಸೀರೆ, ಪಂಚೆ, ಲಾಡಿಗಳಲ್ಲಿ ಯಾವುದು ಯಾರ ಕೈಗೆ ಸಿಕ್ಕಬಾರದು ಎಂಬುದನ್ನೆಲ್ಲ ಲೆಕ್ಕವಿಡಬೇಕಾದವರು. ಅನಾಹುತವಾದರೆ ಮೊದಲು ವಿಚಾರಣೆಗೆ ನಿಲ್ಲಬೇಕಾದವರೂ ಅವರೇ. ಅವರ ಕಣ್ಣಿಗೆ ನಿದ್ದೆ, ಊಟ, ಸ್ನಾನ, ಮಾತ್ರೆ, ಶಾಂತಿ ಈ ಐದೇ ಸುಧಾರಣೆಯ ಅಳತೆಗಳಾಗಿ ಕಂಡರೆ, ಅದಕ್ಕೆ ಹೃದಯದ ಕೊರತೆಯಲ್ಲ, ಅವರ ಹೊಣೆಯ ಆಕಾರವೇ ಕಾರಣ. ನಿದ್ದೆಯಿಲ್ಲದೆ ಹದಿನೈದು ದಿನ ಕಳೆದವನಿಗೆ ಮೊದಲು ಬೇಕಾದುದೂ ನಿದ್ದೆಯೇ ಹೊರತು ಬಾಳಿನ ಧ್ಯೇಯದ ಮೇಲಣ ಚರ್ಚೆಯಲ್ಲ. ಕೊರತೆ ಇರುವುದು ನಿದ್ದೆ ಬಂದ ಅನಂತರ: ಐದು ಅಳತೆಗಳೂ ಸರಿಹೋದ ಮೇಲೆ ಕೇಸ್ ಶೀಟಿನಲ್ಲಿ ಬರೆಯಲು ಬೇರೊಂದು ಸಾಲು ಇಲ್ಲದಿರುವುದರಲ್ಲಿ.

ಆ ಬರೆಯದ ಸಾಲಿನ ಕಥೆಯನ್ನು ಕನ್ನಡದಲ್ಲಿ ತ್ರಿವೇಣಿಯವರಷ್ಟು ಸ್ಪಷ್ಟವಾಗಿ ಹೇಳಿದವರು ಇಲ್ಲ. 1928ರಲ್ಲಿ ಹುಟ್ಟಿ, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈ ಲೇಖಕಿ ಮನಸ್ಸಿನ ವ್ಯಥೆಗಳನ್ನು ಕಾದಂಬರಿಯ ವಸ್ತುವನ್ನಾಗಿ ಮಾಡಿದರು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರವಾಗಿ ತೆಗೆದಾಗ, ಕಾವೇರಿಯ ಪಾತ್ರದಲ್ಲಿ ಕಲ್ಪನಾರನ್ನು ಕಂಡು ಕಣ್ಣೊರೆಸಿಕೊಳ್ಳದವರು ವಿರಳ. ಬಾಣಂತಿತನದಲ್ಲಿ ಬುದ್ಧಿ ಕದಡಿ ಆಸ್ಪತ್ರೆ ಸೇರಿದ ಕಾವೇರಿ ಗುಣಮುಖಳಾಗಿ ಮನೆಗೆ ಬರುತ್ತಾಳೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಕಥೆ ಅಲ್ಲಿಗೆ ಮುಗಿಯಿತು. ತ್ರಿವೇಣಿಯವರಿಗೆ ನಿಜವಾದ ಕಥೆ ಅಲ್ಲಿಂದಲೇ ಮೊದಲು. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಎಲ್ಲ ಹೆಂಗಸರಂತೆ ಸಿಟ್ಟಾದರೆ ಅದೂ ಹುಚ್ಚಿನ ಶೇಷ. ಆಳುಗಳ ಪಿಸುಮಾತೂ ನೆರೆಹೊರೆಯವರ ಕಣ್ಣೂ ಗಂಡನ ದೂರವಾದ ಮನಸ್ಸೂ ಕೂಡಿ ಕಡೆಗೆ ಅವಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟುತ್ತವೆ. ಆಸ್ಪತ್ರೆಯು ಅವಳ ಕಾಯಿಲೆಯನ್ನು ವಾಸಿಮಾಡಿತ್ತು. ಅವಳು ಮರಳಿ ಹೆಂಡತಿಯಾಗಿ, ತಾಯಿಯಾಗಿ, ಮನೆಯೊಡತಿಯಾಗಿ ನಿಲ್ಲಲು ಬೇಕಾದ ನೆಲವನ್ನು ಹದಮಾಡುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ. ಮನೋವೈದ್ಯಕೀಯ ಶುಶ್ರೂಷೆಯನ್ನು ಕಲಿಯುವ ನಮ್ಮ ಹುಡುಗಿಯರಿಗೂ ಹುಡುಗರಿಗೂ ಪಠ್ಯದ ಮೊದಲ ವಾರದಲ್ಲಿಯೇ ಈ ಕಾದಂಬರಿಯನ್ನು ಓದಿಸಬೇಕೆಂಬುದು ನನ್ನ ಆಸೆ.

ಬೆಂಗಳೂರಿಗೆ ಈ ವಿಚಾರದಲ್ಲಿ ದೀರ್ಘವಾದ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹುಚ್ಚರ ಆಸ್ಪತ್ರೆಯಾಗಿ ಹುಟ್ಟಿದ ಸಂಸ್ಥೆ 1925ರಲ್ಲಿ ಹೆಸರನ್ನು ಬದಲಿಸಿಕೊಂಡು ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದುವು. ವಿಜಯನಗರದವರಿಗಾಗಲಿ ಕೆಂಗೇರಿಯವರಿಗಾಗಲಿ ಅದು ಊರಿನ ಇನ್ನೊಂದು ತುದಿ. ಮೆಜೆಸ್ಟಿಕ್ಕಿಗೋ ಮಾರ್ಕೆಟ್ಟಿಗೋ ಬಂದು ಬಸ್ಸು ಬದಲಿಸಿ, ಬೆಳಗಿನ ಚೀಟಿಯ ಸಾಲಿಗೆ ನಿಲ್ಲಲು ಕತ್ತಲಿರುವಾಗಲೇ ಹೊರಡುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಎಷ್ಟೋ ಇವೆ. ರೋಗಿಯೊಡನೆ ಬಂಧುವೊಬ್ಬರು ವಾರ್ಡಿನಲ್ಲಿಯೇ ತಂಗುವ ಪದ್ಧತಿ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ಐವತ್ತರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರರು ಬಂಧುಗಳನ್ನು ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು ನಡೆಸಿದ ಪ್ರಯೋಗವು ಭಾರತದ ಹೆಮ್ಮೆ. ಪುನರ್ವಸತಿ ವಿಭಾಗದ ಬೇಕರಿ, ಹೊಲಿಗೆ, ಬಡಗಿ ಕೆಲಸಗಳೂ ನಿಮ್ಹಾನ್ಸಿನಲ್ಲಿ ಉಂಟು. ಒಲೆಯಿಂದ ಬ್ರೆಡ್ಡನ್ನು ತೆಗೆಯುವ ಹೊತ್ತಿಗೆ ಆ ಮನುಷ್ಯನು ರೋಗಿಯಾಗಿರುವುದಿಲ್ಲ, ಬ್ರೆಡ್ಡು ಸುಡುವವನಾಗಿರುತ್ತಾನೆ. ಹೊಸ ತತ್ತ್ವವು ಹೇಳುವುದರಲ್ಲಿ ಬಹುಭಾಗ ನಮ್ಮ ಹಿರಿಯರು ಕೈಯಿಂದ ಮಾಡಿ ತೋರಿಸಿದುದೇ ಆಗಿದೆ.

ಈಗ ಶಾಸನವೂ ಅದೇ ದಿಕ್ಕಿಗೆ ತಿರುಗಿದೆ. 1912ರ ಕಾಯಿದೆಗೆ ಉನ್ಮತ್ತರನ್ನು ಸಮಾಜದಿಂದ ಪ್ರತ್ಯೇಕಿಸುವುದೇ ಮುಖ್ಯವಾಗಿತ್ತು. 1987ರ ಕಾಯಿದೆ ಆಸ್ಪತ್ರೆಗಳನ್ನು ನಿಯಂತ್ರಿಸಲು ಹೊರಟಿತು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯ ಹಕ್ಕುಗಳಿಂದ ಮಾತನ್ನು ಆರಂಭಿಸುತ್ತದೆ. ಸ್ವಸ್ಥನಾಗಿರುವಾಗ ಒಬ್ಬನು, ಮುಂದೆ ತನಗೆ ವ್ಯಾಧಿ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದಿಡಬಹುದು; ತನ್ನ ಪರವಾಗಿ ಮಾತನಾಡಲು ತಾನೇ ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು. ವಾರ್ಡಿನಲ್ಲಿ ತನ್ನ ಬಟ್ಟೆಯನ್ನೇ ಉಡಲು, ಬಲವಂತವಾಗಿ ತಲೆ ಬೋಳಿಸಿಕೊಳ್ಳದಿರಲು, ದುಡಿದರೆ ಕೂಲಿ ಪಡೆಯಲು ಅವನಿಗೆ ಹಕ್ಕುಂಟು. ಏಕಾಂತದ ಕೋಣೆಯಲ್ಲಿ ಕೂಡಿಹಾಕುವುದು ನಿಷಿದ್ಧ. ಕಟ್ಟಿಹಾಕುವುದು, ತಕ್ಷಣದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಎಷ್ಟು ಅವಶ್ಯವೋ ಅಷ್ಟು ಹೊತ್ತಿಗೆ ಮಾತ್ರ. ಅರಿವಳಿಕೆಯಿಲ್ಲದೆ ಕರೆಂಟ್ ಚಿಕಿತ್ಸೆ ಕೂಡದು. ಬಿಡುಗಡೆಯ ಮುನ್ನ ಮುಂದಿನ ವ್ಯವಸ್ಥೆಯನ್ನು ರೋಗಿಯೊಡನೆಯೂ ಅವನ ಪ್ರತಿನಿಧಿಯೊಡನೆಯೂ ಸಮಾಲೋಚಿಸಿ ರೂಪಿಸತಕ್ಕದ್ದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಸರಪಳಿಯಿಂದ ಬಿಗಿದಿದ್ದ ಕಾರಣಕ್ಕೆ ಬೆಂಕಿಯಿಂದ ಓಡಲಾರದೆ ಇಪ್ಪತ್ತಕ್ಕೂ ಹೆಚ್ಚು ಜನ ಸುಟ್ಟುಹೋದುದನ್ನು ಮರೆಯದವರಿಗೆ ಈ ಕಲಮುಗಳ ಹಿಂದಿರುವ ಸಂಕಟ ತಿಳಿದೀತು.

ಆದರೆ ವಾರ್ಡಿನ ಮೇಜಿಗೆ ಬರುವಾಗ ಶಾಸನವು ಫಾರಮ್ಮಿನ ರೂಪದಲ್ಲಿ ಬರುತ್ತದೆ. ಫಾರಮ್ಮು ಸಹಿಯನ್ನು ಬೇಡುತ್ತದೆ. ಸಹಿ ಬಿದ್ದೊಡನೆ ಹಕ್ಕು ಪೂರೈಸಿತೆಂಬ ಭ್ರಾಂತಿ ಹುಟ್ಟುತ್ತದೆ. ಗಾಬರಿಯಲ್ಲಿ ಮಗಳನ್ನು ಕರೆತಂದ ತಂದೆಯ ಮುಂದೆ ಏಳೆಂಟು ಹಾಳೆಗಳನ್ನು ಇರಿಸಿ, ಇಲ್ಲಿ ಹಾಕಿ, ಇಲ್ಲಿ ಹಾಕಿ ಎಂದು ಬೆರಳು ತೋರಿಸುವಾಗ, ಅವುಗಳಲ್ಲೊಂದು ಮಗಳು ತನ್ನ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳುವ ಹಾಳೆಯೆಂಬುದು ತಂದೆಗೂ ತಿಳಿಯದು, ಮಗಳಿಗಂತೂ ತಿಳಿಯಲೇ ತಿಳಿಯದು. ಹದಿನೈದು ದಿನದ ಮೇಲೆ, ಅವಳ ಮನಸ್ಸು ತಿಳಿಯಾದಾಗ, ಆ ಹಾಳೆಯನ್ನು ಮತ್ತೆ ಹೊರತೆಗೆದು, “ಇದರಲ್ಲಿ ಯಾರ ಹೆಸರಿರಬೇಕು ಅಂತ ನೀವು ಹೇಳಿ” ಎಂದು ಕೇಳುವ ಸಿಬ್ಬಂದಿಯೇ ಕಾಯಿದೆಯನ್ನು ನಿಜವಾಗಿ ಓದಿದವರು.

‘ನೀವು’ ಎಂದೆ. ಈ ಮಾತನ್ನು ಇಲ್ಲಿ ಸ್ವಲ್ಪ ತಡೆದು ನಿಂತು ಹೇಳಬೇಕು. ನಮ್ಮ ವಾರ್ಡುಗಳಲ್ಲಿ ಐವತ್ತು ವರ್ಷದ ಗೃಹಸ್ಥನೂ, ಹಿಂದಿನ ವಾರದವರೆಗೆ ಮೇಷ್ಟ್ರೆನಿಸಿದ್ದವನೂ, ಬಾಗಿಲು ಹಾಕಿಕೊಂಡ ಗಳಿಗೆಯಿಂದ ‘ಬಾ, ಹೋಗು, ತಿನ್ನು, ಮಲಗು’ ಎಂಬ ಏಕವಚನಕ್ಕೆ ಇಳಿದುಬಿಡುತ್ತಾನೆ. ಆಯಾಗಳೂ ವಾರ್ಡ್‌ಬಾಯ್‌ಗಳೂ ಇದನ್ನು ತಿರಸ್ಕಾರದಿಂದಲೇ ಮಾಡುತ್ತಾರೆಂದು ನಾನು ಹೇಳಲಾರೆ. ಎಷ್ಟೋ ಬಾರಿ ಅದು ಮಗುವನ್ನು ರಮಿಸುವ ವಾತ್ಸಲ್ಯದ ಏಕವಚನ. ಆದರೆ ರೋಗಿಯು ಕಳೆದುಕೊಂಡಿರುವುದು ತಾನು ದೊಡ್ಡವನೆಂಬ ಭಾವವನ್ನೇ ಆಗಿರುವಾಗ, ವಾತ್ಸಲ್ಯವೂ ಅವನನ್ನು ಕೆಳಗೇ ಇರಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳಿಗೆ ಈ ಸಂಗತಿ ಹೊಳೆಯುವಂತಿಲ್ಲ, ಆ ಭಾಷೆಯಲ್ಲಿ ಇಂದು ಈ ಭೇದವೇ ಇಲ್ಲ. ಕನ್ನಡದ ವಾರ್ಡಿನಲ್ಲಿ ಮಾತ್ರ, ಒಂದು ಪೈಸೆಯ ಖರ್ಚಿಲ್ಲದೆ, ಒಂದು ಬಹುವಚನದಿಂದ ಮನುಷ್ಯನನ್ನು ಎತ್ತಿ ನಿಲ್ಲಿಸಬಹುದು.

ಇನ್ನು ಉದ್ಯೋಗದ ವಿಷಯ. ಬೆಂಗಳೂರಿನ ಪಶ್ಚಿಮಭಾಗವು ದುಡಿಯುವವರ ಊರು; ರಾಜಾಜಿನಗರದ ಕೈಗಾರಿಕಾ ಬಡಾವಣೆ, ಆಚೆಗೆ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹೆಸರನ್ನು ಕೇಳದ ಕಾರ್ಮಿಕನಿಲ್ಲ. ಆದರೆ ಅದರ ಹಿಂದಿರುವ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಡಿ ಮನಸ್ಸಿನ ವ್ಯಾಧಿಗೂ ಆಶ್ರಯವಿದೆಯೆಂಬುದನ್ನು ಬಲ್ಲವರು ಕಡಮೆ. ಸಾಮಾನ್ಯವಾದ ಕಾಯಿಲೆಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಪರಿಹಾರ; ದೀರ್ಘವ್ಯಾಧಿಗಳೆಂದು ಗುರುತಿಸಿರುವ 34ರ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ ಮೊದಲಾದ ತೀವ್ರ ಮನೋವ್ಯಾಧಿಗಳೂ ಸೇರಿರುವುದರಿಂದ, ವಂತಿಗೆಯ ನಿಯಮಗಳನ್ನು ಪೂರೈಸಿದವರಿಗೆ ಎರಡು ವರ್ಷಗಳವರೆಗೆ ನೂರಕ್ಕೆ 80ರಷ್ಟು. ಈ ಪರಿಹಾರವನ್ನು ಪಡೆಯುತ್ತಿರುವಾಗ ಮಾಲೀಕನು ಕಾರ್ಮಿಕನನ್ನು ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಹೊಲಿಗೆಯ ಯಂತ್ರದ ಮುಂದೆ ದಿನಕ್ಕಿಷ್ಟು ಕಾಲರು ಎಂಬ ಗುರಿಯ ಒತ್ತಡದಲ್ಲಿ ಕುಸಿದ ಹೆಣ್ಣುಮಗಳೊಬ್ಬಳಿಗೆ, ಅವಳ ಕೆಲಸ ಇನ್ನೂ ಅವಳದೇ ಎಂದು ವಾರ್ಡಿನಲ್ಲಿಯೇ ತಿಳಿಸಿಹೇಳುವುದು ಮಾತ್ರೆಯಷ್ಟೇ ಮುಖ್ಯವಾದ ಚಿಕಿತ್ಸೆಯೆಂದು ನಾನು ನಂಬುತ್ತೇನೆ. ಇದನ್ನು ಹೇಳತಕ್ಕವರು ಯಾರು? ವೈದ್ಯರಿಗೆ ಸಮಯವಿಲ್ಲ, ಸಮಾಜಕಾರ್ಯಕರ್ತರು ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ, ಇದ್ದಲ್ಲಿಯೂ ಅವರ ಮೇಜಿನ ಮುಂದೆ ಸಾಲು ಉದ್ದ.

ಸ್ವಾತಂತ್ರ್ಯ, ಸ್ವಂತ ಮನೆ, ಸ್ವಂತ ನಿರ್ಧಾರ ಎಂಬ ಪಾಶ್ಚಾತ್ಯ ಆದರ್ಶಗಳನ್ನು ಬಸವೇಶ್ವರನಗರದ ಎರಡು ಕೋಣೆಯ ಮನೆಗೆ ಹಾಗೆಯೇ ತಂದಿಡಲಾಗದೆಂಬ ಆಕ್ಷೇಪಣೆಯನ್ನು ಅನುಭವಸ್ಥರಾದ ಸಿಬ್ಬಂದಿ ಎತ್ತುವುದುಂಟು, ಅದರಲ್ಲಿ ತಿರುಳಿದೆ. ಇಲ್ಲಿ ಒಬ್ಬನು ಚೇತರಿಸಿಕೊಳ್ಳುವುದು ಮನೆಯಿಂದ ದೂರ ಹೋಗಿ ಅಲ್ಲ, ಮನೆಯೊಳಗೆ ತನ್ನ ಸ್ಥಾನವನ್ನು ಮರಳಿ ಪಡೆದು. ಬೆಳಗ್ಗೆ ಹಾಲು ತರುವ ಕೆಲಸ ಮತ್ತೆ ಅವನಿಗೆ ಬಂದಿತೇ? ತಂಗಿಯ ಮದುವೆಯ ಮಾತುಕತೆಗೆ ಅವನನ್ನು ಒಳಗೆ ಕರೆದರೇ, ಬೀಗರ ಕಣ್ಣಿಗೆ ಬೀಳದಂತೆ ಮಹಡಿಗೆ ಕಳಿಸಿದರೇ? ಗೌರಿಹಬ್ಬದ ಬಾಗಿನವನ್ನು ಅತ್ತೆ ಅವಳ ಕೈಯಿಂದಲೇ ಕೊಡಿಸಿದರೇ? ನಮ್ಮ ಮನೆಗಳಲ್ಲಿ ಚೇತರಿಕೆಗೆ ಇಂಥವೇ ಅಳತೆಗಳು. ಇವು ಯಾವ ಪ್ರಶ್ನಾವಳಿಯಲ್ಲಿಯೂ ಇಲ್ಲವಾದರೂ ಭೇಟಿಯ ವೇಳೆಯಲ್ಲಿ ಬಾಗಿಲ ಬಳಿ ನಿಂತು ಮನೆಯವರ ಮಾತಿಗೆ ಕಿವಿಗೊಡುವ ಆಯಾಗೆ ಇವೆಲ್ಲವೂ ಗೊತ್ತು. ಅವಳನ್ನು ಯಾರೂ ಕೇಳುವುದಿಲ್ಲ.

ಆಸ್ಪತ್ರೆಯೊಂದರಲ್ಲಿ ಬಹುಕಾಲ ಸಿಸ್ಟರ್ ಆಗಿದ್ದ ನಮ್ಮ ನೆರೆಯ ಹಿರಿಯರೊಬ್ಬರು ನನಗೆ ಹೇಳಿದ ಒಂದು ಸಂಗತಿ ಇದೆ. ಅವರ ವಾರ್ಡಿನಲ್ಲಿ ಬಸ್ ಕಂಡಕ್ಟರೊಬ್ಬರು ಮೂರು ವಾರದಿಂದ ತುಟಿ ಬಿಚ್ಚದೆ ಮಲಗಿದ್ದರು. ನಿದ್ದೆ ಸರಿಯಿತ್ತು, ಊಟ ಸರಿಯಿತ್ತು, ಮಾತು ಮಾತ್ರ ಇರಲಿಲ್ಲ. ಕೆಂಗೇರಿ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಯಾ ಒಂದು ರಾತ್ರಿ ಹೊದಿಕೆ ಸರಿಪಡಿಸುತ್ತ, “ಅಣ್ಣಾ, ಕೆಂಗೇರಿಯಿಂದ ಮಾರ್ಕೆಟ್ಟಿಗೆ ಬಸ್ಸು ಎಲ್ಲೆಲ್ಲಿ ನಿಲ್ಸುತ್ತೆ? ನಂಗೆ ದಾರಿ ಗೊತ್ತಾಗಲ್ಲ” ಎಂದು ನಿಜವಾಗಿಯೇ ತಿಳಿಯದೆ ಕೇಳಿದಳಂತೆ. ಆತ ಸ್ವಲ್ಪ ಹೊತ್ತು ಸೂರನ್ನು ನೋಡಿ, ಆರ್.ವಿ. ಕಾಲೇಜು, ರಾಜರಾಜೇಶ್ವರಿನಗರ ಗೇಟು, ನಾಯಂಡಹಳ್ಳಿ, ಬ್ಯಾಟರಾಯನಪುರ, ಸಿರ್ಸಿ ಸರ್ಕಲ್ ಎಂದು ಒಂದೊಂದೇ ನಿಲ್ದಾಣವನ್ನು, ಟಿಕೆಟ್ ಹರಿಯುವಾಗಿನ ಅದೇ ರಾಗದಲ್ಲಿ ಹೇಳಿಕೊಂಡು ಹೋದರು. ಸಿಸ್ಟರ್ ಅದನ್ನು ರಾತ್ರಿಯ ರಿಪೋರ್ಟ್ ಪುಸ್ತಕದಲ್ಲಿ, ‘ನಿದ್ದೆ ಆರು ಗಂಟೆ’ ಎಂಬುದರ ಕೆಳಗೆ, ನಿಲ್ದಾಣಗಳ ಹೆಸರುಗಳ ಸಹಿತ ಬರೆದಿಟ್ಟರು. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಓದಿ, ಎಂದಿನಂತೆ ನಿಂತೇ ಮುಂದಿನ ಹಾಸಿಗೆಗೆ ಹೋಗದೆ, ಸ್ಟೂಲನ್ನು ಎಳೆದು ಕುಳಿತು, “ನೀವು ಯಾವ ಡಿಪೋ?” ಎಂದು ಕೇಳಿದರು. ಡಿಪೋದ ಹೆಸರನ್ನು ಹೇಳಿದ ಮೇಲೆ ಆ ಮನುಷ್ಯ, ಆಸ್ಪತ್ರೆಗೆ ಸೇರಿದ ಮೇಲೆ ಮೊದಲ ಸಲ, ತಾನೇ ಒಂದು ಪ್ರಶ್ನೆಯನ್ನು ಕೇಳಿದರಂತೆ: “ಸಾರ್, ನಾನು ಡ್ಯೂಟಿಗೆ ಯಾವಾಗ ಹೋಗಬಹುದು?”